ಗುಲಾಬಿಗೆ ಕಾಫಿ ಚರಟ

ಸೋಲೊಪ್ಪಿಕೊಳ್ಳುವುದು ದೊಡ್ಡ ಗುಣ ಎನ್ನುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ಅದು ಗೆದ್ದವರು ಸೋತವರಿಗೆ ಹೇಳುವ ಮಾತು. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು. ನಾಲ್ಕನೆಯದನ್ನು ಯಾರಾದರೂ ತೋರಿಸಿದರೆ ಅದು ಬಾಲವೆಂದು ವಾದಿಸುತ್ತೇನೆ. ಈ ಸ್ವಭಾವದಿಂದ ಬಸವಕಲ್ಯಾಣದ ನಮ್ಮ ಓಣಿಯಲ್ಲಿ ನನಗೆ ಬಂದಿರುವ ಹೆಸರನ್ನು ಇಲ್ಲಿ ಬರೆಯಲಾರೆ. ಆದರೆ ಕಾಫಿ ಚರಟ ಗುಲಾಬಿಗೆ ಉತ್ತಮ ಗೊಬ್ಬರ ಎಂಬ ನನ್ನ ಮಾತನ್ನು ಇವತ್ತಿಗೂ ಹಿಂದಕ್ಕೆ ತೆಗೆದುಕೊಂಡಿಲ್ಲ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಹುಮನಾಬಾದಿನ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದ ನಾನು ದಿನಾಲೂ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಒಮ್ಮೆ ತರಬೇತಿಗೆಂದು ಮೈಸೂರಿಗೆ ಕಳಿಸಿದರು. ಅಲ್ಲಿ ನಮ್ಮ ಇಲಾಖೆಯವರೇ ಒಬ್ಬರ ಅಂಗಳದಲ್ಲಿ ಅಂಗೈಯಗಲದ ಗುಲಾಬಿ ಕಂಡೆ. ಗುಟ್ಟೇನೆಂದು ಕೇಳಿದರೆ, "ಏನಿಲ್ಲ ಸಾರ್, ಕಾಫಿ ಸೋಸಿದ ಚರಟ ದಿನಾ ಒಂದು ಹಿಡಿ ಬುಡಕ್ಕೆ ಹಾಕ್ತೀವಿ, ಅಷ್ಟೆ" ಎಂದರು. ಅದರ ಟೊಂಗೆಯೊಂದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಹಸುಗೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಊರಿಗೆ ತಂದೆ. ಟೊಂಗೆ ಚಿಗುರಿತು. ಇನ್ನು ಚರಟ ಹಾಕುವುದೊಂದೇ ಬಾಕಿ ಎನ್ನುವಾಗ ಹೊಳೆಯಿತು, ನಮ್ಮ ಮನೆಯಲ್ಲಷ್ಟೇ ಅಲ್ಲ, ಇಡೀ ಓಣಿಯಲ್ಲಿ ಕಾಫಿ ಕುಡಿಯುವವರೇ ಇಲ್ಲ. ನಮ್ಮ ಕಡೆ ಹುಟ್ಟಿದರೂ ಚಹಾ, ಸತ್ತರೂ ಚಹಾ, ಜಗಳವಾಡಿ ರಾಜಿಯಾದರೂ ಚಹಾ. ಚಹಾದ ಚರಟವನ್ನೇ ಹಾಕಬಹುದಿತ್ತಲ್ಲ ಎಂದು ನೀವು ಕೇಳಬಹುದು. ನನ್ನ ಹೆಂಡತಿಯೂ ಕೇಳಿದಳು. ಮೈಸೂರಿನವರು ಚಹಾ ಎಂದಿರಲಿಲ್ಲ!

ಅಂಗಡಿಯಲ್ಲಿ ಸಿಗುತ್ತಿದ್ದ ಕಾಫಿ ಪಾಕೀಟು ತಂದು ಬಿಸಿನೀರಿಗೆ ಹಾಕಿದರೆ ಪುಡಿಯೆಲ್ಲ ಕರಗಿಯೇ ಹೋಯಿತು. ಬಟ್ಟೆಯಲ್ಲಿ ಎರಡು ಸಲ ಸೋಸಿದೆ. ಗಿಡಕ್ಕೆಂದು ಒಂದು ಕಾಳೂ ಉಳಿಯಲಿಲ್ಲ. ಕೊನೆಗೆ ಮೈಸೂರಿಗೆ ಕಾಗದ ಬರೆದು ಅಸಲಿ ಪುಡಿಯನ್ನೂ ಒಂದು ಫಿಲ್ಟರನ್ನೂ ತರಿಸಿಕೊಂಡೆ. ಮೊದಲ ಹಿಡಿ ಚರಟವನ್ನು ಬುಡಕ್ಕೆ ಹಾಕುತ್ತಿರುವಾಗ ಪಕ್ಕದ ಮನೆಯ ಗಂಗಮ್ಮಕಾಕು ಗೋಡೆಯ ಮೇಲಿಂದ ಇಣುಕಿದಳು. ಮೋರಖಂಡಿಯ ಒಕ್ಕಲುತನದ ಮನೆಯಲ್ಲಿ ಬೆಳೆದ ಮುದುಕಿ. ಮಣ್ಣಿನ ವಿಷಯದಲ್ಲಿ ಯಾರ ಮಾತೂ ಕೇಳುವವಳಲ್ಲ.

"ಏನ್ ಹಾಕಾಕತ್ತಿಯೋ ತಮ್ಮಾ?"

"ಕಾಫಿ, ಕಾಕು."

"ಇವತ್ತ ಕಾಫಿ ಹಾಕ್ತಿ. ನಾಳಿಗಿ ಅದು ಬಿಸ್ಕೀಟ್ ಕೇಳ್ತದ. ಸುಮ್ನ ಎರಡು ಬೊಗಸಿ ಆಡಿನ ಹಿಕ್ಕಿ ಹಾಕು."

ಓಣಿಯೆಲ್ಲ ನಕ್ಕಿತು. ನನಗೆ ಸಿಟ್ಟು ನೆತ್ತಿಗೇರಿತು. "ಈ ಗಿಡ ಹೂ ಬಿಡೂತನಕ ನಮ್ಮ ಮನ್ಯಾಗ ಚಹಾ ಮಾಡಂಗಿಲ್ಲ. ಯಾರೇ ಬರ್ಲಿ, ಕಾಫಿನೇ!" ಎಂದು ಎಲ್ಲರ ಮುಂದೆ ಸಾರಿಬಿಟ್ಟೆ. ಹೆಂಡತಿ ಬಾಗಿಲಲ್ಲಿ ನಿಂತು ಹಣೆ ಹಣೆ ಬಡಿದುಕೊಂಡಳು.

ಮುಂದಿನ ಎರಡು ತಿಂಗಳು ಗಿಡಕ್ಕೆ ಚರಟದ ಮೇಲೆ ಚರಟ ಬಿತ್ತು. ಬುಡದಲ್ಲಿ ಅದು ಹೆಪ್ಪುಗಟ್ಟಿ, ಮೇಲೆ ಹಾಕಿದ ನೀರು ಒಳಗಿಳಿಯದೆ ಹರಿದು ಮೋರಿ ಸೇರುತ್ತಿತ್ತು. ಗಿಡ ಎಲೆ ಉದುರಿಸಿತು. ನೆಂಟರು ಹೊಸ್ತಿಲಲ್ಲೇ ನಿಂತು, "ಈಗರೆ ಕುಡದು ಬಂದೀನ್ರಿ" ಎನ್ನತೊಡಗಿದರು. ನನ್ನದೂ ಒಂದು ತಪ್ಪೊಪ್ಪಿಗೆ ಇದೆ. ಕಾಫಿ ನನ್ನ ಗಂಟಲಲ್ಲೂ ಇಳಿಯುತ್ತಿರಲಿಲ್ಲ. ಹುಮನಾಬಾದ್ ಬಸ್ ಸ್ಟ್ಯಾಂಡಿನಲ್ಲಿ ಇಳಿಯುತ್ತಲೇ ಒಂದು, ಹತ್ತುವ ಮುಂಚೆ ಒಂದು ಶುಂಠಿ ಚಹಾ ಕುಡಿಯುತ್ತಿದ್ದೆ. ಇದು ಮಾತಿಗೆ ತಪ್ಪಿದಂತೆ ಆಗುವುದಿಲ್ಲ. ನಾನು ಹೇಳಿದ್ದು ನಮ್ಮ ಮನೆಯ ವಿಷಯ ಮಾತ್ರ.

ಒಂದು ದಿನ ಕಾಕು ನಮ್ಮ ಕಟ್ಟೆಯ ಮೇಲೆ ಕೂತು, ಕೊಟ್ಟ ಕಾಫಿಯನ್ನು ಹಾಲು ಸಕ್ಕರೆ ಸಮೇತ ಗುಲಾಬಿಯ ಬುಡಕ್ಕೆ ಸುರಿಯುವುದನ್ನು ಕಣ್ಣಾರೆ ಕಂಡೆ. "ಯಾಕ ಚೆಲ್ಲಿದಿ ಕಾಕು?" ಎಂದು ಗದರಿದೆ.

"ಎಲ್ಲಿ ಚೆಲ್ಲೀನೋ? ಗಿಡಕ್ಕ ಛಲೋ ಅಂತ ನೀನೇ ಅಂದೀದಿ," ಎಂದು ಖಾಲಿ ಕಪ್ಪು ಕೈಗಿಟ್ಟಳು.

ಇಷ್ಟಾದರೂ ನಾನು ಜಗ್ಗುತ್ತಿರಲಿಲ್ಲ. ಆದರೆ ಹೆಂಡತಿಯ ತವರೂರು ಕೊಹಿನೂರಿನಿಂದ ಅವಳ ಅಣ್ಣ ಬರುವ ಸುದ್ದಿ ಬಂತು. "ನೋಡ್ರಿ, ಐತವಾರ ನಮ್ಮಣ್ಣ ಬರ್ತಾನ. ನನ್ನ ಮನ್ಯಾಗ ಅವನಿಗಿ ಒಂದ್ ಕಪ್ ಚಹಾ ಸಿಗಲಿಲ್ಲಂದ್ರ, ಅವನ ಸಂಗಟ ನಾನೂ ಬಸ್ ಹತ್ತಾಕಿ. ನೀವು, ನಿಮ್ಮ ಗುಲಾಬಿ, ಇಬ್ಬರೂ ಕಾಫಿ ಕುಡಕೋತ ಇರ್ರಿ" ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ನನಗೆ ಹೆದರಿಕೆಯಾದದ್ದು ಅದಕ್ಕೇ. ಆಡಿದ ಮಾತನ್ನು ನುಂಗುವಂತಿಲ್ಲ, ಹೆಂಡತಿಯನ್ನು ಕಳಿಸುವಂತಿಲ್ಲ.

ಶನಿವಾರ ಹುಮನಾಬಾದಿನಿಂದ ಬರುವಾಗ ಚೀಲದಲ್ಲಿ ಒದ್ದೆ ಬಟ್ಟೆಯಲ್ಲಿ ಸುತ್ತಿದ್ದ ಒಂದು ಪೊಟ್ಟಣವಿತ್ತು. ಐತವಾರ ಹಾಲಿನವನು ಬರುವ ಮುಂಚೆಯೇ ಎದ್ದು, ಅಂಗಳದಲ್ಲಿ ಮಾಡಬೇಕಾದ ಕೆಲಸ ಮುಗಿಸಿದೆ. ಬೆಳಗಾಗುತ್ತಲೇ, "ಬರ್ರಿ, ಬಂದು ನೋಡ್ರಿ!" ಎಂದು ಓಣಿಗೆ ಕೇಳುವಂತೆ ಕೂಗಿದೆ. ಬೋಳು ಗಿಡದ ತುದಿಯಲ್ಲಿ ಕೆಂಪು ಗುಲಾಬಿಯೊಂದು ಅರಳಿ ನಿಂತಿತ್ತು. ಹೆಂಡತಿ ಹೂವನ್ನು ನೋಡಿದಳು, ನನ್ನನ್ನು ನೋಡಿದಳು, ಒಳಗೆ ಹೋಗಿ ದೊಡ್ಡ ಪಾತೆಲಿಯಲ್ಲಿ ಚಹಾಕ್ಕೆ ಇಟ್ಟಳು. ಅವಳ ಅಣ್ಣ ಬಂದ, ಅರ್ಧ ಓಣಿ ಬಂತು. ಎರಡು ತಿಂಗಳ ಮೇಲೆ ನಮ್ಮ ಮನೆ ಮನೆಯಂತಾಯಿತು. ನಿಜ ಹೇಳುತ್ತೇನೆ, ನನ್ನ ಕಣ್ಣು ತುಂಬಿ ಬಂತು.

ಕಾಕು ಬಸಿಗೆ ಸುರಿದುಕೊಂಡು ಸೊರ್ ಎಂದು ಚಹಾ ಮುಗಿಸಿ, ಗಿಡದ ಹತ್ತಿರ ಹೋಗಿ ಬಗ್ಗಿ ನೋಡಿದಳು. ಆಮೇಲೆ ನನ್ನ ಪಕ್ಕಕ್ಕೆ ಬಂದು, ಬೇರೆಯವರಿಗೆ ಕೇಳದಂತೆ ಹೇಳಿದಳು: "ಭಾರಿ ಗೊಬ್ಬರ ನೋಡೋ ತಮ್ಮಾ ನಿಂದು. ಹೂವಿನ ಸಂಗಟ ದಾರಾನೂ ಬಿಟ್ಟದ." ನಾನು ಸರಿದು ಗಿಡಕ್ಕೆ ಅಡ್ಡ ನಿಂತೆ. "ಇನ್ನೊಂದ್ ಕಪ್ ಹೇಳು," ಎಂದಳು. ಹೇಳಿದೆ. ಅಂದಿನಿಂದ ದಿನಾ ಹೇಳುತ್ತಲೇ ಇದ್ದೆ.

ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂದು ನೀವು ನಗಬಹುದು. ನಗಿರಿ. ಮರುವರ್ಷ ಆ ಗಿಡ ನಿಜವಾಗಿಯೂ ಹೂ ಬಿಟ್ಟಿತು. ಒಂದಲ್ಲ, ಗೊಂಚಲು ಗೊಂಚಲಾಗಿ. ಬುಡದಲ್ಲಿ ಚರಟ ಎಲ್ಲರಿಗೂ ಕಾಣುವಂತೆ ಇತ್ತು. ಚರಟದಿಂದ ಪ್ರಯೋಜನವಿಲ್ಲ ಎಂದವರು ಯಾರು? ಆಡಿನ ಹಿಕ್ಕಿಯ ಮೇಲೆ ಅದನ್ನು ತೆಳ್ಳಗೆ ಹರಡಿದರೆ ಕೆಳಗಿನ ಹಿಕ್ಕಿ ಯಾರಿಗೂ ಕಾಣುವುದಿಲ್ಲ.