ಅತ್ತಿಗೆ ಬಾರದ ಕಾರ್ಯಕ್ರಮಗಳು

ಊರಿಗೆ ನಾಲ್ಕು ವಿಷಯ ತಿಳಿಸಬೇಕೆಂದು ಹೊರಟವರಿಗೆ ನಗುವಿನ ಬರಗಾಲವಿಲ್ಲ. ವರ್ಕಾಡಿಯ ನಮ್ಮ ವಾಚನಾಲಯದಲ್ಲಿ ವಿಜ್ಞಾನ, ಚರಿತ್ರೆಯ ಕಾರ್ಯಕ್ರಮ ನಡೆಸುವುದು ನನ್ನ ಪಾಲಿಗೆ ಬಂತು. ಆ ಕಾಲಕ್ಕೇ ಬಿ.ಎಸ್ಸಿ. ಮಾಡಿದವಳಲ್ಲವೇ! ನಡೆದದ್ದನ್ನು ಬರೆದಿಡುವವಳೂ ನಾನೇ. ಆದರೆ ಪಕ್ಕದ ಮನೆಯ ನನ್ನ ಅತ್ತಿಗೆ, ಅಂದರೆ ಗಂಡನ ಅಕ್ಕ, ಒಂದಕ್ಕೂ ಬರಲಿಲ್ಲ. ಅವರು ಬಾರದಿದ್ದರೆ ನೆರೆಕರೆಯ ಹೆಂಗಸರೂ ಇಲ್ಲ.

ಮೈಕು

ಮೊದಲ ಭಾಷಣ ನಕ್ಷತ್ರಗಳ ಬಗ್ಗೆ. "ನಾವು ಇಂದು ಕಾಣುವ ಬೆಳಕು ನಮ್ಮ ಅಜ್ಜಂದಿರು ಹುಟ್ಟುವ ಮೊದಲೇ ಹೊರಟದ್ದು" ಎಂದು ಉಪನ್ಯಾಸಕರು ಹೇಳುವಾಗ ನಾನು ಕಣ್ಣು ಮುಚ್ಚಿ ಎಲ್ಲೋ ತೇಲಿಹೋದೆ. ಕಣ್ಣು ಬಿಟ್ಟರೆ ಬರೀ ಖುರ್ಚಿಗಳು. ಮನೆಗೆ ಬರುವಾಗ ಅತ್ತಿಗೆಯ ಜಗಲಿ ತುಂಬ ಹೆಂಗಸರು, ಬೀಡಿ ಕಟ್ಟುತ್ತಿದ್ದರು.

"ಬರಬಹುದಿತ್ತಲ್ಲ ಅತ್ತಿಗೆ?"

"ಎಂತಕ್ಕೆ ಮಾರಾಯ್ತಿ? ನಿನ್ನ ಮೈಕು ಇಲ್ಲಿಗೇ ಕೇಳುತ್ತದೆ. ನಾವು ಅಲ್ಲಿ ಬಂದು ಕೂತರೆ ಬೀಡಿ ಯಾರು ಕಟ್ಟುವುದು? ನಕ್ಷತ್ರವಾ?"

ಸುರಂಗ

ಗುಡ್ಡವನ್ನು ಅಡ್ಡಕ್ಕೆ ಕೊರೆದು ನೀರು ತರುವ ಹಳೆಯ ಸುರಂಗ ನೋಡಲು ಪೆರ್ಲದ ಕಡೆಗೆ ಬಸ್ಸು ಮಾಡಿದೆವು. ಒಳಗೆ ತಂಪು, ಕತ್ತಲು, ನೀರು ತೊಟ್ಟಿಕ್ಕುವ ಸದ್ದು. ಹೊರಗೆ ಬಂದ ಮೇಲೆ, ಕರೆದುಕೊಂಡು ಹೋದ ಚರಿತ್ರೆಯ ಮೇಷ್ಟ್ರು ಅಂದರು: "ಇದಕ್ಕಿಂತ ಹಳೆಯದೊಂದು ವರ್ಕಾಡಿಯಲ್ಲಿ ಉಂಟಂತೆ. ಅದನ್ನೂ ನೋಡುವಾ."

ವಿಚಾರಿಸುತ್ತಾ ಬಂದ ಬಸ್ಸು ಅತ್ತಿಗೆಯ ಗೇಟಿನೆದುರೇ ನಿಂತಿತು. ಮದುವೆಯಾದಂದಿನಿಂದ ನಾನು ಕಾಫಿ ಮಾಡಿದ್ದು ಆ ಸುರಂಗದ ನೀರಿನಲ್ಲೇ!

ಅತ್ತಿಗೆ ಎಲ್ಲರಿಗೂ ಚಹಾ ಕೊಟ್ಟು ನನ್ನ ಕಡೆ ತಿರುಗಿದರು. "ನೋಡು, ನಾನು ಬಾರದ್ದು ಒಳ್ಳೆಯದಾಯಿತು. ಬಂದಿದ್ದರೆ ಇಲ್ಲಿ ಬಾಗಿಲಿಗೆ ಬೀಗ."

ಗ್ರಹಣ

ಎರಡು ಸಾವಿರದ ಹತ್ತೊಂಬತ್ತರ ಡಿಸೆಂಬರಿನಲ್ಲಿ ನಮ್ಮೂರಿನ ಮೇಲೆಯೇ ಕಂಕಣ ಸೂರ್ಯಗ್ರಹಣ. ವಾಚನಾಲಯದ ಕಾರ್ಯದರ್ಶಿ, ಹೊಸಂಗಡಿಯಲ್ಲಿ ಅಂಗಡಿ ಇಟ್ಟವರು, ಮೊದಲೇ ಹೇಳಿದ್ದರು: "ಅಕ್ಕಾ, ಈ ಸಲವೂ ಹೆಂಗಸರು ಬಾರದಿದ್ದರೆ ಇದನ್ನೆಲ್ಲ ನಿಲ್ಲಿಸುವಾ."

ನಾನು ಅತ್ತಿಗೆಯ ಕಾಲು ಹಿಡಿಯುವುದೊಂದು ಬಾಕಿ. "ಗ್ರಹಣ ನೋಡಬಾರದು" ಎಂದವರೇ ಅಂದು ಬೆಳಿಗ್ಗೆ ಬಾಗಿಲು, ಕಿಟಕಿ ಎಲ್ಲ ಹಾಕಿಕೊಂಡರು.

ವಾಚನಾಲಯದ ಅಂಗಳದಲ್ಲಿ ಕಪ್ಪು ಕನ್ನಡಕ ಹಿಡಿದು ಗಂಡಸರಷ್ಟೇ ನಿಂತಿದ್ದರು. ಬಿಸಿಲು ಬೆಳದಿಂಗಳಿನ ಹಾಗೆ ಮಂಕಾಯಿತು. ಮರದಡಿಯ ನೆಲದ ತುಂಬ ಪುಟ್ಟ ಪುಟ್ಟ ಬೆಳಕಿನ ಕುಡುಗೋಲುಗಳು. ಇದನ್ನಾದರೂ ತೋರಿಸೋಣವೆಂದು ನಾನು ಅತ್ತಿಗೆಯ ಮನೆಗೆ ಓಡಿದೆ, ಹಿಂದೆಯೇ ಕಾರ್ಯದರ್ಶಿ.

ಬಾಗಿಲು ದೂಡಿದರೆ ಕತ್ತಲೆಯ ಚಾವಡಿಯಲ್ಲಿ ನೆರೆಕರೆಯ ಹೆಂಗಸರೆಲ್ಲ ಉಸಿರು ಬಿಗಿಹಿಡಿದು ಕೂತಿದ್ದಾರೆ. "ಬಾಗಿಲು ಹಾಕು ಮಾರಾಯ್ತಿ, ಬೆಳಕು ಬರುತ್ತದೆ!" ಎಂದು ಅತ್ತಿಗೆ ಗದರಿದರು. ಒಡೆದ ಹಂಚಿನ ಸಣ್ಣ ತೂತಿನಿಂದ ಇಳಿದ ಬಿಸಿಲು ಎದುರಿನ ಗೋಡೆಯ ಮೇಲೆ ಚಿನ್ನದ ಉಂಗುರವಾಗಿ ನಡುಗುತ್ತಿತ್ತು. ಅಷ್ಟು ಚಂದವನ್ನು ನಾನು ಕನ್ನಡಕದಲ್ಲೂ ಕಾಣಲಿಲ್ಲ. ನಾನೂ ನೆಲದ ಮೇಲೆ ಕೂತೆ. ಕಾರ್ಯದರ್ಶಿ ಸದ್ದಿಲ್ಲದೆ ಪಕ್ಕದಲ್ಲಿ ಕೂತು, ನನ್ನ ಕಿವಿಯಲ್ಲಿ "ನಿಲ್ಲಿಸುವುದು ಬೇಡ ಅಕ್ಕಾ" ಎಂದರು.

ನನಗೆ ತಡೆಯಲಾಗಲಿಲ್ಲ. "ಗ್ರಹಣ ನೋಡಬಾರದು ಅಂದಿರಲ್ಲ ಅತ್ತಿಗೆ?"

ಅತ್ತಿಗೆ ಕಣ್ಣು ಕೀಳಲಿಲ್ಲ. "ಗ್ರಹಣ ಯಾರು ನೋಡಿದ್ದು? ನಾನು ನನ್ನ ಮನೆಯ ಗೋಡೆ ನೋಡುತ್ತಿದ್ದೇನೆ."