ಸಿಂಕ್ ಕಟ್ಟಿಕೊಂಡಾಗ

ಜಗಳವಾಡುವ ಗಂಡಹೆಂಡಿರನ್ನು ಕಂಡರೆ ನನಗೆ ಈಚೆಗೆ ಹೊಟ್ಟೆಕಿಚ್ಚು. ಜಗಳಕ್ಕಾದರೂ ಮಾತು ಬೇಕಲ್ಲ! ಮಗಳು ಮದುವೆಯಾಗಿ ಕಂಪ್ಲಿಗೆ ಹೋದಮೇಲೆ ಹೊಸಪೇಟೆಯ ನಮ್ಮ ಮನೆಯಲ್ಲಿ ಮಾತೇ ನಿಂತುಹೋಗಿದೆ. ನನಗೂ ಹೆಂಡತಿ ಪಾರ್ವತಿಗೂ ಮುನಿಸೇನಿಲ್ಲ. ಹೇಳುವುದಕ್ಕೆ ಏನೂ ಇಲ್ಲ, ಅಷ್ಟೆ. ಇಷ್ಟು ವರ್ಷ ನಾವು ಆಡಿದ್ದೆಲ್ಲ ಮಗಳ ಫೀಸು, ಮಗಳ ಜ್ವರ, ಮಗಳಿಗೆ ಗಂಡು ಎಂಬ ಮಾತುಗಳೇ ಎಂದು ಈಗ ಹೊಳೆಯುತ್ತಿದೆ. ಸಂಡೂರಿನ ಗಣಿ ಕಚೇರಿಯಲ್ಲಿ ಲಾರಿಗಳ ಗದ್ದಲದ ನಡುವೆ ದಿನವಿಡೀ ಕೂಗಾಡುವ ನಾನು ಮನೆ ಹೊಕ್ಕರೆ ಮೂಗ. ಬೆಳಿಗ್ಗೆ ಅವಳು "ಚಾ?" ಅನ್ನುತ್ತಾಳೆ, ನಾನು "ಹ್ಞೂಂ" ಅನ್ನುತ್ತೇನೆ. ಮಲಗುವಾಗ ನಾನು "ಲೈಟು?" ಅನ್ನುತ್ತೇನೆ, ಅವಳು "ಆರಸ್ರಿ" ಅನ್ನುತ್ತಾಳೆ. ಉಳಿದ ಆಯಸ್ಸೆಲ್ಲ ಹೀಗೇ ಮುಗಿದುಹೋದರೆ ಎಂದು ನಿಜವಾಗಿಯೂ ಹೆದರಿಕೆಯಾಗುತ್ತಿತ್ತು.

ಇಂಥ ಹೊತ್ತಿನಲ್ಲಿ ಅಡುಗೆಮನೆಯ ಸಿಂಕ್ ಕಟ್ಟಿಕೊಂಡಿತು. ಭಾನುವಾರ ಒಗ್ಗರಣೆ ಮಂಡಕ್ಕಿ ಮಾಡುವ ಹುಮ್ಮಸ್ಸಿನಲ್ಲಿ, ಮಂಡಕ್ಕಿ ನೆನೆಸಿ ಹಿಂಡುವಾಗ ಅರ್ಧ ಭಾಗವನ್ನು ನೀರಿನ ಜೊತೆ ನಾನೇ ಕೆಳಗೆ ಬಿಟ್ಟಿದ್ದೆ. ಅದು ಮಿರ್ಚಿ ಕರಿದ ಎಣ್ಣೆಜಿಡ್ಡಿನೊಂದಿಗೆ ಪೈಪಿನಲ್ಲಿ ಮುದ್ದೆಯಾಗಿ ಕೂತಿತು. ಪಾರ್ವತಿ ಸೊಂಟದ ಮೇಲೆ ಕೈಯಿಟ್ಟು, "ಮಂಡಕ್ಕಿ ನಮಗ ಮಾಡಿದ್ರೋ, ಪೈಪಿಗೆ ಮಾಡಿದ್ರೋ?" ಎಂದಳು. ಎಷ್ಟೋ ದಿನದ ಮೇಲೆ ಅವಳ ಬಾಯಿಂದ ಬಂದ ಪೂರ್ತಿ ವಾಕ್ಯ!

ಮೊದಲು ಕುದಿನೀರು ಸುರಿದೆ. ಜಪ್ಪಯ್ಯ ಅನ್ನಲಿಲ್ಲ. ಅಡುಗೆ ಸೋಡಾ ಹಾಕಿ ನಿಂಬೆಹಣ್ಣು ಹಿಂಡಿದೆ. ಬುಸ್ಸೆಂದು ನೊರೆ ಬಂತು, ನೀರು ಕದಲಲಿಲ್ಲ. "ಚೂರು ಉಪ್ಪು ಹಾಕ್ರಿ, ಕುಡದರ ಕುಡೀಬಹುದು" ಎಂದಳು ಪಾರ್ವತಿ. ಪಕ್ಕದ ಮನೆಯ ಹುಲಿಗೆಮ್ಮ ಗೋಡೆಯಾಚೆಯಿಂದಲೇ, "ಅಣ್ಣಾರ, ಆಸಿಡ್ ಸುರೀರಿ, ಜಲ್ದಿ ಹೋಗ್ತೈತಿ" ಎಂದರು. ಪಾರ್ವತಿ ಗಾಬರಿಯಾದಳು. "ಅದೊಂದು ಬ್ಯಾಡ್ರಿ! ಕೈ ಸುಟ್ಕೊಂಡ್ರ ತುತ್ತು ಮಾಡಿ ಉಣಸೋಳು ನಾನ!" ಉಣಿಸುತ್ತಾಳಂತೆ! ಆಸಿಡ್ ಆಸೆ ಬಿಟ್ಟೆ.

ಇಬ್ಬರೂ ಹಾರ್ಡ್‌ವೇರ್ ಅಂಗಡಿಗೆ ಹೋದೆವು. ನಾನು ರಬ್ಬರ್ ಬಟ್ಟಲಿನ ಪಂಪ್ ಎಂದೆ, ಅವಳು ಸ್ಪ್ರಿಂಗ್ ತಂತಿ ಎಂದಳು. ಮಗಳ ಮದುವೆ ಸೀರೆ ಆರಿಸುವಾಗಲೂ ಇಷ್ಟು ಚರ್ಚೆಯಾಗಿರಲಿಲ್ಲ. ಅಂಗಡಿಯವನು ಬೇಸತ್ತು, "ಎರಡೂ ಒಯ್ರಿ ಯಪ್ಪಾ" ಎಂದು ಕಟ್ಟಿಕೊಟ್ಟ. ಮನೆಗೆ ಬಂದು ರಬ್ಬರ್ ಬಟ್ಟಲನ್ನು ಸಿಂಕಿನ ತೂತಿಗೆ ಒತ್ತಿ ಜೋರಾಗಿ ಎಳೆದೆ. ಹೊಲಸು ನೀರೆಲ್ಲ ನನ್ನ ಮುಖಕ್ಕೆ, ಮಂಡಕ್ಕಿ ಮೀಸೆಗೆ. ಪಾರ್ವತಿ ಗೋಡೆ ಹಿಡಿದುಕೊಂಡು ನಕ್ಕಳು. ಅವಳ ನಗು ಹೇಗಿತ್ತೆಂಬುದೇ ನನಗೆ ಮರೆತುಹೋಗಿತ್ತು.

ಆಮೇಲೆ ತಂತಿ ತೂರಿಸಿ ತಿರುವಿದೆ. ಗುಳುಗುಳು ಎಂದು ನೀರೆಲ್ಲ ಇಳಿದುಹೋಯಿತು. "ಹೋತು" ಎಂದಳು. "ಹ್ಞೂಂ" ಎಂದೆ. ಅವಳು ಟಿವಿ ಹಾಕಿದಳು. ಕೆಲಸ ಕೈಗೂಡಿದ್ದಕ್ಕೆ ಅಳು ಬಂದದ್ದು ನನಗೆ ಅದೇ ಮೊದಲು.

ಕೆಲವು ದಿನ ಮತ್ತೆ ಚಾ, ಲೈಟು ಅಷ್ಟೆ. ಒಂದು ಸಂಜೆ ಪಾತ್ರೆ ತೊಳೆಯುತ್ತಿದ್ದ ಪಾರ್ವತಿ ಕರೆದಳು: "ರೀ, ಬರ್ರಿಲ್ಲಿ. ನೀರು ಯಾಕೋ ನಿಧಾನ ಹೊಂಟೈತಿ, ನೋಡ್ರಿ."

ಹೋಗಿ ನೋಡಿದೆ. ನೀರು ಸರಾಗವಾಗಿ ಇಳಿಯುತ್ತಿತ್ತು. ಪಾರ್ವತಿ ನನ್ನ ಕಡೆ ನೋಡದೆ, ತೊಳೆದ ತಟ್ಟೆಯನ್ನೇ ಮತ್ತೆ ತೊಳೆಯುತ್ತಿದ್ದಳು.

"ಹೌದಲ್ಲ, ಭಾಳ ನಿಧಾನ ಐತಿ" ಎಂದು ಅಂಗಿಯ ತೋಳು ಮಡಚಿದೆ. "ಇದು ಇವತ್ತಿಗೆ ಮುಗಿಯೋ ಕೆಲಸ ಅಲ್ಲ ಬಿಡು."