ನಾನು ಹತ್ತದ ವಿಮಾನಗಳು

ಬೇರೆಯವರಿಗೆ ವಿಮಾನ ಹತ್ತಿದ ಮೇಲೆ ಫಜೀತಿಯಾಗುತ್ತದೆ. ನನಗೆ ಹತ್ತದೆಯೇ ಆಗುತ್ತದೆ, ಅದೂ ಮೇಲಿಂದ ಮೇಲೆ.

ಬಳ್ಳಾರಿಯ ಕೌಲ್ ಬಜಾರಿನಲ್ಲಿ ನನ್ನದೊಂದು ಫೋಟೋ ಸ್ಟುಡಿಯೋ ಇದೆ. ಎಲ್ಲರ ಕೈಗೂ ಮೊಬೈಲ್ ಬಂದ ಮೇಲೆ ಅಲ್ಲಿ ಫೋಟೋಗಿಂತ ಬಿಡುವು ಜಾಸ್ತಿ. ಆ ಬಿಡುವಿನಲ್ಲಿ ಕಂಪ್ಯೂಟರಿನಲ್ಲಿ ಹಳೇ ಫೋಟೋ ಹುಡುಕುವ ಚಟ ಹತ್ತಿತು. ಒಂದು ದಿನ ಯಾವುದೋ ದೇಶದ ವಸ್ತುಸಂಗ್ರಹಾಲಯದ ವೆಬ್‌ಸೈಟಿನಲ್ಲಿ ವಿಮಾನ ಕಲಿಸುವ ಮೊದಮೊದಲ ಶಾಲೆಗಳ ಚಿತ್ರಗಳು ಸಿಕ್ಕವು. ಕಟ್ಟಿಗೆ, ಬಟ್ಟೆಯಿಂದ ಮಾಡಿದ ವಿಮಾನಗಳು. ಕೆಲವಕ್ಕೆ ಚಕ್ರದ ಬದಲು ಕಾಲಿಗೆ ಎರಡು ದೋಣಿ. ಕೆರೆಯ ಮೇಲೆ ಬಾತುಕೋಳಿಯಂತೆ ಕೂತಿರುತ್ತಿದ್ದವು. ಪಕ್ಕದಲ್ಲಿ ಚರ್ಮದ ಟೋಪಿ ಹಾಕಿಕೊಂಡ ಹುಡುಗರು, ನಾಳೆ ಬದುಕಿರುತ್ತೇವೋ ಇಲ್ಲವೋ ಎಂಬ ಚಿಂತೆಯೇ ಇಲ್ಲದೆ ನಗುತ್ತಿದ್ದರು. ನನಗೆ ಹುಚ್ಚು ಹಿಡಿಯಿತು. ದೊಡ್ಡದಾಗಿ ಪ್ರಿಂಟ್ ಹಾಕಿಸಿದೆ, ಕಟ್ಟು ಹಾಕಿಸಿದೆ, ಊರೂರಿಗೆ ಪ್ರದರ್ಶನ ಒಯ್ದೆ. ಜನ ನನ್ನನ್ನು ‘ವಿಮಾನದ ಸಾರ್’ ಎನ್ನತೊಡಗಿದರು. ವಿಮಾನ ಹತ್ತಿರದಿಂದ ನೋಡಿದ್ದೂ ಇಲ್ಲವೆಂದು ಯಾರಿಗೂ ಹೇಳಲಿಲ್ಲ. ಕೇಳಿದವಳು ತೆಕ್ಕಲಕೋಟೆಯ ಒಬ್ಬ ಹುಡುಗಿ ಮಾತ್ರ, ಅದೂ ಮೊದಲ ಪ್ರದರ್ಶನದಲ್ಲೇ.

ಅಡ್ಮಿಷನ್

ಮೊದಲ ಪ್ರದರ್ಶನ ನನ್ನ ಸ್ಟುಡಿಯೋದಲ್ಲೇ. ಬಾಗಿಲ ಮೇಲೆ ಕಟ್ಟಲು ಬ್ಯಾನರ್ ಮಾಡಿಸಿದ್ದೆ. ‘ವಿಮಾನ ತರಬೇತಿ ಶಾಲೆ’ ಎಂದು ಆಳೆತ್ತರದ ಅಕ್ಷರ, ಕೆಳಗೆ ‘ಅಪರೂಪದ ಹಳೆಯ ಛಾಯಾಚಿತ್ರಗಳು’ ಎಂದು ಇರುವೆ ಸಾಲು. ಏಣಿ ಹತ್ತಿ ಬ್ಯಾನರ್ ಕಟ್ಟಿದೆ. ಕಟ್ಟಿ ಕೆಳಗೆ ನೋಡಿದೆ. ತಲೆ ಗಿರ್ರೆಂದಿತು. ಬ್ಯಾನರಿನ ಹಗ್ಗ ಹಿಡಿದುಕೊಂಡು ಹಾಗೇ ನಿಂತುಬಿಟ್ಟೆ.

ಅಷ್ಟರಲ್ಲಿ ತೆಕ್ಕಲಕೋಟೆಯಿಂದ ಒಬ್ಬ ತಂದೆ, ಪಿಯುಸಿ ಮುಗಿಸಿದ ಮಗಳನ್ನು ಕರೆದುಕೊಂಡು ಬಂದರು. ಬ್ಯಾನರ್ ಓದಿ, ತಲೆ ಎತ್ತಿ ನನ್ನನ್ನು ನೋಡಿದರು.

“ಸಾರ್, ಅಡ್ಮಿಷನ್ ಚಾಲೂ ಐತೇನ್ರಿ? ನಮ್ಮ ಹುಡುಗಿಗೆ ಪೈಲಟ್ ಆಗಬೇಕಂತ ಆಸೆ ಐತಿ.”

“ಇದು ಶಾಲೆ ಅಲ್ಲ ಯಜಮಾನ್ರೇ, ಬರೀ ಫೋಟೋ,” ಎಂದೆ ಹಗ್ಗ ಬಿಡದೆ.

“ಫೋಟೋ ಆಮೇಲೆ ತೆಗೆಸ್ತೀವ್ರಿ. ಮೊದಲು ಕಲಿಸೋರು ಯಾರು ಹೇಳ್ರಿ. ನೀವೇನಾ?”

ಹುಡುಗಿ ನಾನು ಹಗ್ಗ ಹಿಡಿದ ಬಗೆಯನ್ನೇ ನೋಡುತ್ತಿದ್ದಳು. “ಸಾರ್, ನೀವು ಎಷ್ಟು ಎತ್ತರ ಹಾರೀರಿ?” ಎಂದಳು.

“ಈಗ ಇದೀನಲ್ಲಮ್ಮಾ, ಇಷ್ಟೇ,” ಎಂದೆ.

ಅವಳು ಬಂದು ಏಣಿ ಗಟ್ಟಿಯಾಗಿ ಹಿಡಿದಳು. “ಕೆಳಗ ನೋಡಬ್ಯಾಡ್ರಿ. ಬಲಗಾಲು ಇಡ್ರಿ. ಈಗ ಎಡಗಾಲು. ಉಸಿರು ಬಿಡ್ರಿ ಸಾರ್, ಉಸಿರು ಬಿಡ್ರಿ” ಎನ್ನುತ್ತಾ ಒಂದೊಂದೇ ಮೆಟ್ಟಿಲು ನನ್ನನ್ನು ನೆಲಕ್ಕೆ ಇಳಿಸಿದಳು.

ತಂದೆ ಮಗಳ ಬೆನ್ನು ತಟ್ಟಿ ನಡೆದರು: “ನಡಿಯವ್ವಾ, ಇಲ್ಲಿ ಕಲಿಯೋದು ಏನೂ ಉಳಿದಿಲ್ಲ ನಿನಗ.”

ಗೀರು

ಹಳೇ ಫೋಟೋ ಸರಿಪಡಿಸುವುದರಲ್ಲಿ ನನಗೆ ಕೈ ಕುದುರಿದೆ ಎಂದು ನನಗೇ ಜಂಬ. ಗೀರು ಬಿದ್ದಿರಲಿ, ಕಲೆಯಾಗಿರಲಿ, ಕಂಪ್ಯೂಟರಿನಲ್ಲಿ ಹಾಕಿ ಮದುವೆಮನೆಯಂತೆ ಮಾಡಿಬಿಡುತ್ತೇನೆ. ಆ ಸಂಗ್ರಹದಲ್ಲಿ ನನಗೆ ಅತಿ ಇಷ್ಟವಾದ ಒಂದು ಚಿತ್ರವಿತ್ತು: ನೀರಿನ ಮೇಲೆ ಒಂದು ವಿಮಾನ, ಒಂದರ ಮೇಲೊಂದು ಎರಡು ರೆಕ್ಕೆ, ಕಲಿಸುವವನು ಮುಂದೆ, ಕಲಿಯುವವನು ಹಿಂದೆ. ಆದರೆ ಚಿತ್ರದ ತುಂಬ ಅಡ್ಡಡ್ಡ, ಉದ್ದುದ್ದ ಗೀರು. ಊಟ ನಿದ್ದೆ ಮರೆತು ಒಂದೊಂದೇ ಗೀರು ಅಳಿಸಿದೆ. ಕೊನೆಗೆ ಚಿತ್ರ ಹೊಸ ಸ್ಟೀಲ್ ಪಾತ್ರೆಯಂತೆ ಫಳಫಳ ಎಂದಿತು.

ಗೋಡೆಯಷ್ಟು ದೊಡ್ಡ ಪ್ರಿಂಟ್ ಹಾಕಿಸಿ, ಮನೆಯಾಕೆಯನ್ನು ಕರೆತಂದು ಮುಂದೆ ನಿಲ್ಲಿಸಿದೆ. ಹೊಗಳುತ್ತಾಳೆ ಎಂದು ಕಾದೆ.

“ರೀ, ಇದರಾಗ ತಂತಿ ಇದ್ವಲ್ಲ, ಎಲ್ಲಿ ಹೋದವು?” ಎಂದಳು.

“ಯಾವ ತಂತಿ?”

“ಅವೇರಿ, ಮ್ಯಾಲಿನ ರೆಕ್ಕಿಗೂ ಕೆಳಗಿನ ರೆಕ್ಕಿಗೂ ಬಿಗಿದಿದ್ರಲ್ಲ. ಬಟ್ಟಿ ಒಣಾಕ್ಲಿಕ್ಕೆ ಚಲೋ ಇದ್ವು ಅಂತ ಮೊನ್ನೆ ಅಂದಿದ್ದೆ.”

ಓಡಿಹೋಗಿ ಮೂಲ ಚಿತ್ರ ತೆಗೆದು ನೋಡಿದೆ. ಗೀರಲ್ಲ, ತಂತಿಯೇ. ಆ ಕಾಲದ ವಿಮಾನಗಳ ರೆಕ್ಕೆ ನಿಲ್ಲುತ್ತಿದ್ದದ್ದೇ ಆ ತಂತಿಗಳ ಬಿಗಿಯ ಮೇಲೆ. ನಾನು ಒಂದನ್ನೂ ಬಿಡದೆ ಕಿತ್ತು, ಒಳಗೆ ಆ ಇಬ್ಬರು ಬಡಪಾಯಿಗಳನ್ನು ನಗುನಗುತ್ತಾ ಕೂರಿಸಿದ್ದೆ.

ಅಷ್ಟು ವರ್ಷ ಕೆಡದೆ ಉಳಿದಿದ್ದ ವಿಮಾನ ಬಳ್ಳಾರಿಗೆ ಬಂದು ರಿಪೇರಿಯಲ್ಲಿ ಹೋಯಿತು.

ಬೆನ್ನ ಮೇಲೆ

ಸಿರುಗುಪ್ಪದ ಪ್ರದರ್ಶನದಲ್ಲಿ ಎಲ್ಲರೂ ಮುತ್ತಿಕೊಂಡದ್ದು ಒಂದೇ ಚಿತ್ರವನ್ನು. ನೀರಿನಲ್ಲಿ ವಿಮಾನ ನಿಂತಿದೆ. ಪೈಲಟ್‌ನ ಬೂಟು ಒದ್ದೆಯಾಗಬಾರದೆಂದು ಒಬ್ಬ ಕೆಲಸದವನು ಅವನನ್ನು ಬೆನ್ನ ಮೇಲೆ ಹೊತ್ತು ಒಯ್ಯುತ್ತಿದ್ದಾನೆ.

ಅಲ್ಲೊಬ್ಬ ಯೂಟ್ಯೂಬ್ ಚಾನೆಲ್ ನಡೆಸುವ ತರುಣನಿದ್ದ. “ಸಾರ್, ಹೊಳಿ ಇಲ್ಲೇ ಐತಿ. ಇದೇ ಥರ ಒಂದು ವಿಡಿಯೋ ಮಾಡೋಣ. ನೀವೇ ಪೈಲಟ್,” ಎಂದ. ಬೇಡ ಎನ್ನಬೇಕಿತ್ತು. ಆದರೆ ಅವನು ತಂದ ಕಪ್ಪು ಕನ್ನಡಕ ನನಗೆ ಬಹಳ ಒಪ್ಪಿತು.

ತುಂಗಭದ್ರೆಯ ದಡದಲ್ಲಿ ಹರಿಗೋಲು ನಡೆಸುವ ಒಬ್ಬ ಅಂಬಿಗನನ್ನು ಫೋಟೋ ತೋರಿಸಿ ಒಪ್ಪಿಸಿದ. ಅಂಬಿಗ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಫೋಟೋದಾಗಿನ ಪೈಲಟ್ ಸಣ್ಣಗದಾನಲ್ರಿ,” ಎಂದ. ಆದರೂ ಹೊತ್ತ. ನಾಲ್ಕು ಹೆಜ್ಜೆ ನಡೆದ. ನಾನು ಕ್ಯಾಮೆರಾ ಕಡೆ ತಿರುಗಿ, “ಈ ಬಗೆಯ ವಿಮಾನದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಸಮತೋಲನ,” ಎಂದೆ. ಎನ್ನುವಾಗ ಒಂದು ಕೈ ಎತ್ತಿ ತೋರಿಸಿದೆ.

ಆಮೇಲೆ ಆಕಾಶ ಕಂಡಿತು, ಆಮೇಲೆ ನೀರು.

“ಮುಳುಗಿದ್ನೆಪ್ಪೋ! ಹಿಡೀರಪ್ಪೋ!” ಎಂದು ಕೈಕಾಲು ಬಡಿದೆ. ಅಂಬಿಗ ಪಕ್ಕದಲ್ಲೇ ನಿಂತು ತೆಲುಗಿನಲ್ಲಿ ಏನೋ ಕೂಗುತ್ತಿದ್ದ: “ಲೋತು ಲೇದು ಸಾರ್! ನಿಲಬಡಂಡಿ!” ಹುಟ್ಟಿದಾಗಿನಿಂದ ಕಿವಿಗೆ ಬಿದ್ದ ತೆಲುಗು, ಭಯಕ್ಕೆ ಒಂದಕ್ಷರವೂ ತಲೆಗೆ ಹೋಗಲಿಲ್ಲ. ಕೊನೆಗೆ ಅವನು ಕನ್ನಡಕ್ಕೆ ಬಂದ: “ಆಳ ಇಲ್ರಿ ಸಾರ್, ಎದ್ದು ನಿಂದರ್ರಿ!”

ಎದ್ದು ನಿಂತೆ. ನೀರು ಮೊಣಕಾಲಿಗೂ ಬರಲಿಲ್ಲ.

ವಿಡಿಯೋ ಆ ಸಂಜೆಯೇ ಎಲ್ಲ ವಾಟ್ಸಾಪ್ ಗುಂಪುಗಳಿಗೆ ಬಂತು. ಹಳೇ ಫೋಟೋಗಳ ಬಗ್ಗೆ ನಾನು ಹೇಳಿದ್ದನ್ನೆಲ್ಲ ಆ ತರುಣ ಕತ್ತರಿಸಿ, ಬಿದ್ದದ್ದನ್ನು ಮಾತ್ರ ಮೂರು ಸಲ, ಅದರಲ್ಲಿ ಒಂದು ಸಲ ನಿಧಾನವಾಗಿ ತೋರಿಸಿದ್ದ.

ದೊಡ್ಡ ಹಾರ

ಕುರುಗೋಡಿನ ಒಂದು ಯುವಕ ಸಂಘದವರು ಫೋನಿನಲ್ಲೇ ಕರೆದಾಗ ಕಟ್ಟು ಹಾಕಿದ ಫೋಟೋಗಳನ್ನೆಲ್ಲ ಹಿಂದಿನ ದಿನವೇ ಟೆಂಪೋದಲ್ಲಿ ಕಳಿಸಿದೆ. ವಿವರದ ಚೀಟಿಗಳು ಮಾತ್ರ ನನ್ನ ಬ್ಯಾಗಿನಲ್ಲೇ ಉಳಿದವು. ಪ್ರದರ್ಶನ ಮಾಡಿದವರು ಯಾರೆಂದು ತಿಳಿಯಲಿ ಅಂತ ಕೊನೆಯಲ್ಲಿ ನನ್ನದೂ ಒಂದು ಫೋಟೋ ಇಟ್ಟಿದ್ದೆ. ಬೇರೆಯವಕ್ಕೆ ಹೊಂದಲಿ ಎಂದು ಅದನ್ನೂ ಕಪ್ಪು ಬಿಳುಪು ಮಾಡಿದ್ದೆ; ಮೂಲೆಯಲ್ಲಿ ಸ್ಟುಡಿಯೋದ ಬಳ್ಳಾರಿ ಮುದ್ರೆ ಮಾತ್ರ ಇತ್ತು.

ಮರುದಿನ ಬಸ್ಸು ತಡವಾಯಿತು. ನಾನು ಸಭಾಂಗಣದ ಬಾಗಿಲಿಗೆ ಬಂದಾಗ ಒಳಗೆ ಊದುಬತ್ತಿಯ ಘಮ. ಹೊರಗೆ ಚಪ್ಪಲಿಗಳ ರಾಶಿ. ಇಣುಕಿ ನೋಡಿದರೆ ಗೋಡೆಯುದ್ದಕ್ಕೂ ನನ್ನ ಪೈಲಟ್‌ಗಳಿಗೆಲ್ಲ ಕುಂಕುಮ, ಹಾರ. ಕೊನೆಯಲ್ಲಿ ನನ್ನ ಫೋಟೋ. ಅದಕ್ಕೆ ಎಲ್ಲಕ್ಕಿಂತ ದೊಡ್ಡ ಹಾರ.

ವೇದಿಕೆಯ ಮೇಲೆ ಸಂಘದ ಅಧ್ಯಕ್ಷರು, ವಯಸ್ಸಾದವರು, ಗದ್ಗದರಾಗಿದ್ದರು. “ಇವರೆಲ್ಲಾ ಪರದೇಶದವರು. ಆದ್ರ ಕೊನಿಯವರು ನಮ್ಮ ಬಳ್ಳಾರಿಯವರು. ಬಂಗಾರದಂಥ ಮನುಷ್ಯ ಅಂತ ಕೇಳೀನಿ. ವಿಮಾನ ಅಂದ್ರ ಜೀವ ಬಿಡ್ತಿದ್ರಂತ. ಹಂಗ ಬಿಟ್ಟಾರ.”

ಅಲ್ಲೇ ಕೂಗಿ ಹೇಳಬಹುದಿತ್ತು. ಆದರೆ ನನ್ನ ಬಗ್ಗೆ ಇಷ್ಟು ಒಳ್ಳೆಯ ಮಾತು ಯಾರೂ ಆಡಿದ್ದು ನಾನು ಕೇಳಿರಲಿಲ್ಲ. ಇನ್ನೂ ಸ್ವಲ್ಪ ಕೇಳೋಣ ಎಂದು ನಿಂತೆ. ಅಷ್ಟರಲ್ಲಿ ಅವರು ಮೌನಾಚರಣೆ ಎಂದರು. ಎಲ್ಲರ ಜೊತೆ ನಾನೂ ತಲೆ ತಗ್ಗಿಸಿದೆ.

ಮೌನ ಮುಗಿದ ಮೇಲೆ ಧೈರ್ಯ ಮಾಡಿ ವೇದಿಕೆ ಕಡೆ ನಡೆದೆ. ಅಧ್ಯಕ್ಷರು ನನ್ನ ಮುಖ ನೋಡಿದರು, ಫೋಟೋ ನೋಡಿದರು, ಕಣ್ಣೊರೆಸಿಕೊಂಡರು.

“ತಮ್ಮ ಬಂದಾರ ನೋಡ್ರಿ. ಅದೇ ಮುಖ, ಅದೇ ಕಳೆ. ಬರ್ರಿ, ಅಣ್ಣನ ಬಗ್ಗೆ ಎರಡು ಮಾತು ಹೇಳ್ರಿ.”

ಮೈಕ್ ಹಿಡಿದು ಹೇಳಿದೆ: “ತಮ್ಮ ಅಲ್ರಿ. ನಾನೇ ಅವನು.”

ಅಧ್ಯಕ್ಷರು ನನ್ನ ಭುಜ ಹಿಡಿದು ಮೆಲ್ಲಗೆ ಕುರ್ಚಿಯ ಮೇಲೆ ಕೂರಿಸಿದರು. “ಪಾಪ, ದುಃಖ ತಲಿಗೇರೇತಿ. ನೀರು ತರ್ರಲೇ!”

ನೀರು ಕುಡಿದೆ, ಆಣೆ ಮಾಡಿದೆ. ಯಾರೂ ನಂಬಲಿಲ್ಲ. ಬೇರೆ ದಾರಿ ಕಾಣದೆ ಮನೆಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿ ಅವರ ಕೈಗೆ ಕೊಟ್ಟೆ.

“ಅಮ್ಮಾ, ಧೈರ್ಯ ತಗೊಂಡು ಹೇಳ್ರಿ. ನಿಮ್ಮ ಯಜಮಾನ್ರು ಈಗ ಎಲ್ಲಿ ಅದಾರ?”

ಮನೆಯಾಕೆಯ ದನಿ ಸಭಾಂಗಣದ ತುಂಬ ಕೇಳಿಸಿತು: “ಕುರುಗೋಡಿಗೆ ಹೋಗ್ಯಾರ್ರಿ. ಯಾಕ್ರಿ, ಅಲ್ಲೂ ಏನರ ಮಾಡಿಕೊಂಡ್ರೇನು?”

ಅಷ್ಟು ಸಾಕಾಯಿತು. ಇದು ಸತ್ತವರ ಹೆಂಡತಿ ಆಡುವ ಮಾತಲ್ಲ ಎಂದು ಎಲ್ಲರಿಗೂ ಖಾತ್ರಿಯಾಯಿತು. ಚಪ್ಪಾಳೆ ಬಿತ್ತು. ಅಧ್ಯಕ್ಷರು ಫೋಟೋದ ದೊಡ್ಡ ಹಾರ ತೆಗೆದು ನನ್ನ ಕೊರಳಿಗೆ ಹಾಕಿದರು, ಹಣೆಗೆ ಕುಂಕುಮವನ್ನೂ ಹಚ್ಚಿದರು. ನಾನು ಕೈಮುಗಿದು, ಬದುಕಿರುವ ಮುಖ ಮಾಡಿಕೊಂಡು ನಿಂತೆ.

ಮುಂದಿನ ಸಾಲಿನಲ್ಲಿದ್ದ ಅಜ್ಜಿಯೊಬ್ಬರು ನನ್ನನ್ನೊಮ್ಮೆ, ಫೋಟೋವನ್ನೊಮ್ಮೆ ನೋಡಿ, ಪಕ್ಕದವರಿಗೆ ಅಂದರು:

“ಹೋದಾವ್ರೇ ಚಂದಿದ್ರು.”